ವಿಯೆಟ್ನಾಂ ಪ್ರವಾಸದ ಕೊನೆಯ ದಿನ: ಹೊರಡುವವರು ದಯವಿಟ್ಟು ಒಮ್ಮೆ ಓದಿ

ನಾಪೋಕ್ಲು ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲು ಮುಗಿದು, ಹೂಮಳೆಯೂ ಬಿದ್ದು, ಮುಂಗಾರಿಗೆ ಇನ್ನೂ ಒಂದು ತಿಂಗಳ ಮೇಲಿದೆ ಎನ್ನುವ ಬಿಡುವಿನಲ್ಲಿ ಕೊಡಗಿನಿಂದ ನಾವು ನಾಲ್ವರು ವಿಯೆಟ್ನಾಂಗೆ ಹೋಗಿ ಬಂದೆವು. ನಾನು, ನಮ್ಮ ಯಜಮಾನರು, ಭಾವ ಮತ್ತು ನನ್ನ ಓರಗಿತ್ತಿ ಅಕ್ಕ. ಒಟ್ಟು ಒಂಬತ್ತು ದಿನ. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಕಾಫಿ ಬೆಳೆಯುವ ದೇಶ ಅದು, ಕರಿಮೆಣಸಿನಲ್ಲೂ ಮೊದಲನೆಯದು. ಮೆಣಸಿನ ಧಾರಣೆ ಕುಸಿದಾಗಲೆಲ್ಲ ನಮ್ಮ ಸಂತೆಯಲ್ಲಿ ಕೇಳಿಬರುವ ಹೆಸರು. ಒಮ್ಮೆ ಹೋಗಿ ಕಣ್ಣಾರೆ ನೋಡಬೇಕೆಂಬುದು ಭಾವನ ಬಹು ವರ್ಷಗಳ ಆಸೆಯಾಗಿತ್ತು.

ಡಾಕ್ ಲಾಕ್ ಪ್ರಾಂತ್ಯದ ಬುವೊನ್ ಮಾ ಥುವೊಟ್ ಸುತ್ತಲಿನ ತೋಟಗಳ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ನೆರಳಿನ ಮರಗಳೇ ಇಲ್ಲದ ಬಯಲಿನಲ್ಲಿ ಸಾಲು ಸಾಲು ಕಾಫಿ, ಪ್ರತಿ ಗಿಡದ ಬುಡಕ್ಕೂ ನೀರು ನಿಲ್ಲುವ ಪಾತಿ, ಕಂಬಗಳಿಗೆ ಹಬ್ಬಿಸಿದ ಮೆಣಸು. ಅದಕ್ಕೆ ಒಂದು ಬರಹ ಸಾಲದು. ಇಂದು ಕೊನೆಯ ದಿನದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ, ಏಕೆಂದರೆ ಎಂಟು ದಿನ ನೆಮ್ಮದಿಯಿಂದ ಕಳೆದ ನಾವು ಆ ಒಂದು ದಿನದಲ್ಲಿ ಸೋತು ಹೋದೆವು.

ಕೊನೆಯ ದಿನ ಯಾವುದು ಎಂಬುದೇ ನಮಗೆ ತಿಳಿದಿರಲಿಲ್ಲ. ಟಿಕೆಟ್‌ನಲ್ಲಿ ಇದ್ದದ್ದು ಏಪ್ರಿಲ್ 24, 00:35. ನಾಲ್ವರೂ ಅದನ್ನು 24ರ ರಾತ್ರಿ ಎಂದು ಓದಿಕೊಂಡಿದ್ದೆವು. ತಿಂಗಳುಗಟ್ಟಲೆ ಆ ಕಾಗದ ನಮ್ಮ ಮನೆಯ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿತ್ತು, ಬಂದವರಿಗೆಲ್ಲ ತೋರಿಸಿದ್ದೆವು, ಒಬ್ಬರಿಗೂ ಅನುಮಾನ ಬರಲಿಲ್ಲ. 00:35 ಎಂದರೆ 23ರ ರಾತ್ರಿ ಊಟ ಮುಗಿಸಿ ಹತ್ತಬೇಕಾದ ವಿಮಾನ. ನಾವು ಹೋಟೆಲ್ ಕೋಣೆಯನ್ನೂ 24ರವರೆಗೆ ಹಿಡಿದು, 23ರಂದು ಬೆಳಿಗ್ಗೆ ಕು ಚಿ ಸುರಂಗಗಳನ್ನು ನೋಡಲು ಹೊರಟೆವು. ಹೋ ಚಿ ಮಿನ್ ನಗರದಿಂದ ಅರುವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಯುದ್ಧಕಾಲದಲ್ಲಿ ಜನ ನೆಲದಡಿಯಲ್ಲಿ ಅಡುಗೆಮನೆ, ಆಸ್ಪತ್ರೆ ಎಲ್ಲ ಮಾಡಿಕೊಂಡು ಬದುಕಿದ ಜಾಗ. ನಾವು ಸುರಂಗದಿಂದ ಬಗ್ಗಿಕೊಂಡು ಹೊರಬಂದು ಬೆವರು ಒರೆಸಿಕೊಳ್ಳುತ್ತಿದ್ದಾಗ ಯಜಮಾನರ ಮೊಬೈಲ್‌ಗೆ ವಿಮಾನ ಸಂಸ್ಥೆಯ ಸಂದೇಶ ಬಂತು: ನಿಮ್ಮ ಪ್ರಯಾಣ ಇಂದು ರಾತ್ರಿ. ಅವರು ಅದನ್ನು ಎರಡು ಸಲ ಓದಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

ಆಗ ಮಧ್ಯಾಹ್ನ ಒಂದು ಗಂಟೆ. ನಗರದೊಳಗೆ ಬರುವಷ್ಟರಲ್ಲಿ ನಾಲ್ಕೂವರೆ. ಅಲ್ಲಿನ ಸ್ಕೂಟರ್ ಪ್ರವಾಹವನ್ನು ಕಂಡವರಿಗೆ ಗೊತ್ತು, ಸಂಜೆ ಹೊತ್ತಿನಲ್ಲಿ ಕಾರು ಹೆಜ್ಜೆ ಹೆಜ್ಜೆಯಾಗಿ ಸಾಗುತ್ತದೆ.

ಹೋಟೆಲಿಗೆ ಬಂದರೆ ಪಾಸ್‌ಪೋರ್ಟ್ ಇಲ್ಲ. ತಂಗುವ ವಿದೇಶಿಯರ ವಿವರವನ್ನು ಅಲ್ಲಿನ ಹೋಟೆಲಿನವರು ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಅದಕ್ಕೆಂದು ಬಂದ ದಿನ ನಾಲ್ಕೂ ಪಾಸ್‌ಪೋರ್ಟ್ ತೆಗೆದುಕೊಂಡಿದ್ದರು. ನಾವೂ ವಾಪಸು ಕೇಳಿರಲಿಲ್ಲ. ಪಾಸ್‌ಪೋರ್ಟ್ ಇಟ್ಟಿದ್ದ ಮೇಜಿನ ಬೀಗದ ಕೈ ಬೆಳಗಿನ ಪಾಳಿಯ ಹುಡುಗಿಯ ಬಳಿ ಇತ್ತು, ಆಕೆ ಮನೆಗೆ ಹೋಗಿದ್ದಳು. ಫೋನ್ ಮಾಡಿ ಕರೆಸಿ ಕೈಗೆ ಸಿಗುವಾಗ ಆರೂಕಾಲು. ಆ ಒಂದು ಗಂಟೆ ಅಕ್ಕ ಮೆಟ್ಟಿಲ ಮೇಲೆ ಕುಳಿತು ಇಗ್ಗುತಪ್ಪನನ್ನು ನೆನೆಯುತ್ತಿದ್ದರು.

ಇನ್ನು ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಭಾವನನ್ನೇ ಕೇಳಿದೆ. ಬರೆ ಎಂದರು.

ಅವಸರದಲ್ಲಿ ನಾನು ಎಲ್ಲರ ಪೆಟ್ಟಿಗೆಯನ್ನೂ ಕಟ್ಟತೊಡಗಿದ್ದೆ. ಭಾವನ ಬೂಟಿನೊಳಗೆ ಏನೋ ಒದ್ದೆಯಾಗಿ ಕೈಗೆ ತಗಲಿತು. ತೆಗೆದು ನೋಡಿದರೆ ನೆನೆಸಿದ ಕಾಗದ, ಅದರ ಮೇಲೆ ಪ್ಲಾಸ್ಟಿಕ್, ಒಳಗೆ ಐದು ಮೆಣಸಿನ ಬಳ್ಳಿಯ ತುಂಡು. ಡಾಕ್ ಲಾಕ್‌ನಲ್ಲಿ ನಮ್ಮನ್ನು ಮನೆಗೆ ಕರೆದು ಊಟ ಹಾಕಿದ ರೈತರು ಪ್ರೀತಿಯಿಂದ ಕೊಟ್ಟದ್ದು. ಬಳ್ಳಿ ಬಲು ಚೆನ್ನಾಗಿತ್ತು. ಪ್ರತಿ ಗೆಣ್ಣಿನಲ್ಲೂ ಅಕ್ಕಿ ಕಾಳಿನಷ್ಟುದ್ದದ ಬಿಳಿ ಬೇರು, ಒಂದು ಬೇರಿನ ತುದಿಗೆ ಚಿಟಿಕೆಯಷ್ಟು ಕೆಂಪು ಮಣ್ಣು ಅಂಟಿಕೊಂಡಿತ್ತು.

ನಾನು ಆ ಮಣ್ಣನ್ನೇ ನೋಡುತ್ತ ನಿಂತೆ. ನನ್ನ ತವರು ಸುಂಟಿಕೊಪ್ಪದ ಕಡೆ. ಕಾಫಿಯ ಕಾಯಿಕೊರಕ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಕೆಲವೇ ವರ್ಷಗಳಲ್ಲಿ ನಮ್ಮ ತೋಟಕ್ಕೂ ಬಂತು. ಆಗ ನಾನು ಶಾಲೆಯ ಹುಡುಗಿ. ಒಂದು ಸಂಜೆ ಅಪ್ಪ ಅಂಗೈಯಲ್ಲಿ ನಾಲ್ಕು ಹಣ್ಣು ಹಿಡಿದು ಬಂದು, ದೀಪದ ಕೆಳಗೆ ತೋರಿಸಿದ್ದರು. ಹಣ್ಣಿನ ಹೊಕ್ಕುಳಲ್ಲಿ ಗುಂಡುಸೂಜಿಯ ಮೊನೆಯಷ್ಟು ತೂತು. ಒಡೆದರೆ ಒಳಗೆ ಕರಿಯ ಹುಳು, ಎಳ್ಳಿಗಿಂತ ಚಿಕ್ಕದು. ಆ ವರ್ಷದಿಂದ ಕೊಯ್ಲಿನ ನಂತರ ನೆಲಕ್ಕೆ ಬಿದ್ದ ಹಣ್ಣನ್ನೆಲ್ಲ ಒಂದೊಂದಾಗಿ ಹೆಕ್ಕಿ ಕುದಿಯುವ ನೀರಿಗೆ ಹಾಕುವುದೇ ನಮ್ಮ ರಜೆಯ ಕೆಲಸವಾಯಿತು. ಅಪ್ಪ ಹೋಗಿ ಹತ್ತು ವರ್ಷವಾಯಿತು, ಹುಳು ಇನ್ನೂ ಹೋಗಿಲ್ಲ. ಅದು ಯಾರ ಚೀಲದಲ್ಲಿ, ಯಾವ ಮೂಟೆಯಲ್ಲಿ ಬಂತು ಎಂದು ಯಾರು ಬಲ್ಲರು?

ಭಾವ ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಮದುವೆಯಾಗಿ ಬಂದಂದಿನಿಂದ ಅವರ ಮಾತಿಗೆ ನಾನು ಎದುರು ಆಡಿದವಳಲ್ಲ. ಅಂದು ಆಡಿದೆ. "ಭಾವ, ಇದನ್ನು ತೋಟಕ್ಕೆ ತರಬಾರದು" ಎಂದೆ. ಮೂರು ಸಲ ತೊಳೆದಿದ್ದೇನೆ ಎಂದರು. "ತೊಳೆದರೂ ಬೇಡ" ಎಂದೆ. ಯಜಮಾನರು ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಭಾವ ಪೊಟ್ಟಣವನ್ನು ನನ್ನ ಕೈಯಿಂದ ತೆಗೆದುಕೊಂಡು, ಕೆಳಗಿಳಿದು ಹೋಗಿ, ಹೋಟೆಲಿನ ಕಾವಲಿನವರಿಗೆ ಕೊಟ್ಟು ಬಂದರು. ಬಾಗಿಲಲ್ಲಿದ್ದ ಹೂಕುಂಡದಲ್ಲಿ ಆ ಮನುಷ್ಯ ಅದನ್ನು ಊರುತ್ತಿದ್ದುದನ್ನು ನಾವು ಹೊರಡುವಾಗ ಕಂಡೆವು. ಭಾವ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ.

ತಾನ್ ಸೊನ್ ನ್ಯಾತ್ ವಿಮಾನ ನಿಲ್ದಾಣ ನಗರದೊಳಗೇ ಇದೆ, ಅದೊಂದು ಪುಣ್ಯ. ಆದರೆ ಅಲ್ಲಿ ನಮ್ಮ ಸಾಮಾನು ಆರು ಕೆಜಿ ಹೆಚ್ಚಾಯಿತು. ಬೆನ್ ಥಾನ್ ಮಾರುಕಟ್ಟೆಯಲ್ಲಿ ಕೊಂಡ ಕಾಫಿ ಪುಡಿ, ಬಟ್ಟಲಿನ ಮೇಲಿಟ್ಟು ಡಿಕಾಕ್ಷನ್ ಇಳಿಸುವ ಫಿನ್ ಎಂಬ ಪುಟ್ಟ ಫಿಲ್ಟರ್‌ಗಳು, ನೆಂಟರಿಗೆಲ್ಲ ಒಂದೊಂದು. ಹೆಚ್ಚುವರಿ ತೂಕಕ್ಕೆ ಹಣ ಕಟ್ಟಲು ಹೋದರೆ ನನ್ನ ಕಾರ್ಡ್ ನಡೆಯಲಿಲ್ಲ. ವಿದೇಶಿ ವಹಿವಾಟನ್ನು ನಾವೇ ತೆರೆದುಕೊಳ್ಳಬೇಕು, 2020ರಿಂದ ಅದು ನಿಯಮ. ನಾನು ತೆರೆದಿರಲಿಲ್ಲ. ಉಳಿದಿದ್ದ ಅಲ್ಲಿನ ಹಣ, ಡಾಂಗ್‌ಗಳನ್ನೆಲ್ಲ, ಹಿಂದಿನ ದಿನವೇ ಖರ್ಚು ಮಾಡಿ ಮುಗಿಸಿದ್ದೆವು. ಯಜಮಾನರು ಪೆಟ್ಟಿಗೆ ಬಿಚ್ಚಿ ಕಾಫಿ ಪುಡಿ ತೆಗೆಯಲು ಬಗ್ಗಿದರು. ಆಗ ಭಾವ ಒಳಜೇಬಿನಿಂದ ಮಡಚಿದ 100 ಡಾಲರ್ ನೋಟು ತೆಗೆದು, ವಿನಿಮಯ ಕೌಂಟರಿನಲ್ಲಿ ಬದಲಿಸಿ, ಹಣ ಕಟ್ಟಿ, ರಸೀದಿಯನ್ನು ನನ್ನ ಕೈಗೆ ಕೊಟ್ಟರು. "ನಿನ್ನ ಫಿಲ್ಟರ್‌ಗಳು ಬರಲಿ" ಎಂದರು. ಅಷ್ಟೇ.

ಹೊರಡುವವರಿಗೆ ನನ್ನ ಬೇಡಿಕೆ ಒಂದೇ. ಕೊನೆಯ ದಿನ ಏನನ್ನೂ ನೋಡಲು ಇಟ್ಟುಕೊಳ್ಳಬೇಡಿ. ಅದನ್ನು ಮನೆಗೆ ಬರುವ ದಿನವೆಂದು ಖಾಲಿ ಬಿಡಿ. ಬಿಡುವಿದ್ದರೆ ಕೈಯಲ್ಲಿ ಹಿಡಿದದ್ದನ್ನು ಒಮ್ಮೆ ನೋಡುವ ವ್ಯವಧಾನ ಇರುತ್ತದೆ. ನಾನು ಆ ಬೂಟಿನೊಳಗೆ ಕೈ ಹಾಕಿದ್ದು ಅಕಸ್ಮಾತ್ತು.

ಗೋಣಿಕೊಪ್ಪ ಓದುಗ

ಅಕ್ಕ, ಮನಸ್ಸು ಬಿಚ್ಚಿ ಬರೆದಿದ್ದೀರಿ. ನಡುರಾತ್ರಿಯ ವಿಮಾನದ ಬಗ್ಗೆ ಇನ್ನೊಂದು ಸಂಗತಿ ಸೇರಿಸುತ್ತೇನೆ, ನಮಗೆ ಬೇರೊಂದು ದೇಶದಲ್ಲಿ ಆದದ್ದು. ವಿಮಾನ 1:10ಕ್ಕೆ. ವೀಸಾ ಹಿಂದಿನ ದಿನಕ್ಕೆ ಮುಗಿಯುತ್ತಿತ್ತು. ರಾತ್ರಿಯೇ ನಿಲ್ದಾಣಕ್ಕೆ ಹೋಗುತ್ತೇವಲ್ಲ, ಸಾಕು ಎಂದುಕೊಂಡಿದ್ದೆವು. ಸಾಲು ಉದ್ದವಿತ್ತು. ನಮ್ಮ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಮೇಜಿನ ಮುಂದೆ ನಾವು ನಿಂತಾಗ ಗಡಿಯಾರದಲ್ಲಿ 12 ದಾಟಿ ಎಂಟು ನಿಮಿಷ. ಅವಧಿ ಮೀರಿ ಉಳಿದವರು ಎಂದು ಪಕ್ಕದ ಕೋಣೆಗೆ ಕರೆದೊಯ್ದು ದಂಡ ಹಾಕಿದರು. ತಾಯಿಗೆ ಎಪ್ಪತ್ತೆರಡು ವರ್ಷ, ಭಯದಿಂದ ಕೈ ನಡುಗುತ್ತಿತ್ತು.

ಲೆಕ್ಕಕ್ಕೆ ಬರುವುದು ವಿಮಾನ ನಿಲ್ದಾಣ ಹೊಕ್ಕ ಹೊತ್ತಲ್ಲ, ಪಾಸ್‌ಪೋರ್ಟಿಗೆ ಮುದ್ರೆ ಬೀಳುವ ಹೊತ್ತು. ವಿಯೆಟ್ನಾಂ ಈಗ 90 ದಿನದವರೆಗೆ ಇ-ವೀಸಾ ಕೊಡುತ್ತದೆ. ಅರ್ಜಿಯಲ್ಲಿ ದಿನಾಂಕವನ್ನು ನಾವೇ ತುಂಬುವುದು, ಹಾಗಾಗಿ ಹಿಂದೆ ಮುಂದೆ ನಾಲ್ಕೈದು ದಿನ ಸೇರಿಸಿಯೇ ತುಂಬಿ.

ಸೋಮವಾರಪೇಟೆ ಮೇಷ್ಟರು

ನಾನು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನು. 24 ಗಂಟೆಯ ಗಡಿಯಾರವನ್ನು ಮಕ್ಕಳಿಗೆ ಪ್ರತಿ ವರ್ಷ ಕಲಿಸಿದ್ದೇನೆ. ಆದರೂ ನಿಮ್ಮ ಟಿಕೆಟ್ ನನ್ನ ಕೈಗೆ ಬಂದಿದ್ದರೆ ನಾನೂ 24ರ ರಾತ್ರಿ ಎಂದೇ ಓದುತ್ತಿದ್ದೆನೋ ಏನೋ, ಏಕೆಂದರೆ ನಮ್ಮಲ್ಲಿ ಬೆಳಗಾಗುವುದು ಕೋಳಿ ಕೂಗಿದ ಮೇಲೆ. ನಡುರಾತ್ರಿ ಹನ್ನೆರಡೂವರೆಯನ್ನು ನಾವು ಹಿಂದಿನ ದಿನದ ಬಾಲವೆಂದೇ ಎಣಿಸುತ್ತೇವೆ. ತಪ್ಪು ಗಣಿತದ್ದಲ್ಲ, ರೂಢಿಯದು.

ಉಪಾಯ ಹೀಗಿದೆ. ಟಿಕೆಟ್ ಬಂದ ದಿನವೇ ಹೊರಡುವ ಹೊತ್ತಿನಿಂದ ನಾಲ್ಕು ಗಂಟೆ ಕಳೆದು, ಬಂದ ದಿನಾಂಕವನ್ನು ವಾರದ ಹೆಸರಿನೊಂದಿಗೆ ದೊಡ್ಡ ಅಕ್ಷರದಲ್ಲಿ ಕ್ಯಾಲೆಂಡರಿನಲ್ಲಿ ಬರೆಯಿರಿ. 24ರ 00:35ರಲ್ಲಿ ನಾಲ್ಕು ಗಂಟೆ ಕಳೆದರೆ 23ರ ರಾತ್ರಿ ಎಂಟೂವರೆ. ಟಿಕೆಟ್‌ನಲ್ಲಿರುವುದು ಎಲ್ಲ ಕಡೆಯೂ ಸ್ಥಳೀಯ ಸಮಯ ಎಂಬುದೂ ನೆನಪಿರಲಿ. ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದಿದೆ, ಸಿಂಗಾಪುರ ಎರಡೂವರೆ ಗಂಟೆ. ಕೈಗಡಿಯಾರವನ್ನು ಊರಿನ ಸಮಯಕ್ಕೆ ಬಿಟ್ಟುಕೊಂಡು ತಿರುಗುವ ಹಿರಿಯರು ಕೊನೆಯ ದಿನ ಮನೆಯವರನ್ನೆಲ್ಲ ಗಾಬರಿಪಡಿಸುತ್ತಾರೆ.

ಸಿದ್ದಾಪುರ ತೋಟ

ಅಕ್ಕ, ನಿಮ್ಮ ಬರಹವನ್ನು ಗೌರವದಿಂದಲೇ ಓದಿದೆ. ಆದರೆ ಬಳ್ಳಿಯ ವಿಷಯದಲ್ಲಿ ನನ್ನ ಮನಸ್ಸು ಒಪ್ಪುತ್ತಿಲ್ಲ, ಹೇಳಿಬಿಡುತ್ತೇನೆ. ನಮ್ಮಲ್ಲಿ ಕಳೆದ ಎರಡು ಮಳೆಗಾಲದಲ್ಲಿ ಸೊರಗು ರೋಗಕ್ಕೆ ನೂರಾರು ಬಳ್ಳಿ ಹೋದವು. ಬೆಳಿಗ್ಗೆ ಹಸಿರಾಗಿದ್ದ ಬಳ್ಳಿ ವಾರದಲ್ಲಿ ಎಲೆ ಉದುರಿಸಿ ಬೋಳು ಮರಕ್ಕೆ ಹಗ್ಗದಂತೆ ನೇತಾಡುವುದನ್ನು ನೋಡಿದವನಿಗೆ ಆ ಸಂಕಟ ಗೊತ್ತು. ವಿಯೆಟ್ನಾಂನವರ ಕಾಫಿ ಇಳುವರಿ ನಮ್ಮದರ ಎರಡು ಪಟ್ಟಿಗೂ ಮೇಲಿದೆ. ಅಂಥ ಕಡೆಯ ಒಳ್ಳೆಯ ಬಳ್ಳಿಯನ್ನು ಒಬ್ಬ ರೈತ ಇನ್ನೊಬ್ಬ ರೈತನಿಗೆ ಕೊಟ್ಟರೆ ಅದರಲ್ಲಿ ಏನು ಪಾಪ?

ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ಕದ್ದು ತಂದರು ಎಂದೇ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅವರನ್ನು ಬಂದರಿನಲ್ಲಿ ಯಾರಾದರೂ ತಡೆದಿದ್ದರೆ ಚಿಕ್ಕಮಗಳೂರಿಗೂ ಕಾಫಿ ಇಲ್ಲ, ಕೊಡಗಿಗೂ ಇಲ್ಲ. ನಿಮ್ಮ ಭಾವನವರ ಮನಸ್ಸು ಎಷ್ಟು ನೊಂದಿತೋ ಎಂದೇ ನನಗೆ ಅನ್ನಿಸುತ್ತಿದೆ.

ನಾಪೋಕ್ಲು ಬೆಳೆಗಾರ್ತಿ

ಅಣ್ಣ, ನೊಂದಿತು. ಅದನ್ನು ನಾನು ಮರೆಮಾಚುವುದಿಲ್ಲ. ಇಂದಿಗೂ ಅವರ ಎದುರು ಕಾಫಿ ಲೋಟ ಇಡುವಾಗ ಆ ಕೋಣೆ ನೆನಪಾಗುತ್ತದೆ.

ಆದರೆ ಬಾಬಾ ಬುಡನ್ ತಂದದ್ದು ಬೀಜ, ಕಾಫಿಯೇ ಇಲ್ಲದ ನೆಲಕ್ಕೆ. ಇಲ್ಲಿ ಹಾಳಾಗಲು ಬೇರೆ ಕಾಫಿ ಇರಲಿಲ್ಲ. ನಮ್ಮದು ಈಗ ಮೆಣಸು ತುಂಬಿದ ನೆಲ. ಮೆಣಸಿನ ತವರೇ ಈ ಪಶ್ಚಿಮ ಘಟ್ಟ. ಕಾಡಿನ ಮರಗಳ ಮೇಲೂ ಅದರ ನೆಂಟರಿದ್ದಾರೆ. ಸಿಲೋನಿನ ಕಥೆ ನಿಮಗೂ ಗೊತ್ತಿದೆ. ಎಲೆ ತುಕ್ಕು ರೋಗ ಅಲ್ಲಿ ಕಾಣಿಸಿಕೊಂಡದ್ದು 1869ರಲ್ಲಿ. ಒಂದು ತಲೆಮಾರಿನೊಳಗೆ ಇಡೀ ದ್ವೀಪ ಕಾಫಿ ಬಿಟ್ಟು ಚಹಾಕ್ಕೆ ಹೋಯಿತು. ನಮ್ಮ ತೋಟಗಳಿಗೆ ರೊಬಸ್ಟಾ ಬಂದದ್ದೂ ತುಕ್ಕಿಗೆ ಅದು ಜಗ್ಗುವುದಿಲ್ಲ ಎಂದೇ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಎಸ್. 795 ಎಂಬ ಕಾಫಿ ತಳಿ ಬೆಳೆಸಿದ್ದೂ ಆ ರೋಗವನ್ನು ತಡೆಯಲೆಂದೇ. ತುಕ್ಕು ತಂದವರಿಗೂ ಅದು ತಮ್ಮ ಜೊತೆ ಬರುತ್ತಿದೆ ಎಂದು ತಿಳಿದಿರಲಿಕ್ಕಿಲ್ಲ.

ಕೃಷಿ ಪದವೀಧರೆ, ಪೊನ್ನಂಪೇಟೆ

ಇಬ್ಬರ ಮಾತನ್ನೂ ಓದಿದೆ. ನಾನು ಓದಿದ್ದು ಸಸ್ಯರೋಗ ಶಾಸ್ತ್ರ, ಹಾಗಾಗಿ ಮೂರು ಸಲ ತೊಳೆದ ವಿಷಯಕ್ಕೆ ಬರುತ್ತೇನೆ. ಅಣ್ಣ, ನಿಮ್ಮ ಬಳ್ಳಿಗಳು ಹೋದದ್ದು ಶೀಘ್ರ ಸೊರಗು ರೋಗಕ್ಕೆ ಎಂದು ವಿವರಣೆಯಿಂದ ತೋರುತ್ತದೆ. ಅದಕ್ಕೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ. ನೀರು ನಿಂತ ಮಣ್ಣಿನಲ್ಲಿ ಈಜಿಕೊಂಡು ಬೇರಿಗೆ ಬರುತ್ತದೆ. ನಿಧಾನ ಸೊರಗು ರೋಗ ಇನ್ನೊಂದಿದೆ, ಅದರಲ್ಲಿ ಜಂತುಹುಳುಗಳ ಪಾತ್ರ ದೊಡ್ಡದು. ಅವು ಬರಿಗಣ್ಣಿಗೆ ಕಾಣುವುದಿಲ್ಲ, ಬೇರಿನ ಒಳಗೇ ವಾಸ ಮಾಡುತ್ತವೆ. ಮಣ್ಣನ್ನು ತೊಳೆಯಬಹುದು, ಬೇರಿನ ಒಳಗನ್ನು ತೊಳೆಯುವುದು ಹೇಗೆ? ವಿಯೆಟ್ನಾಂನ ಮೆಣಸಿನ ತೋಟಗಳಲ್ಲಿ ಈ ಎರಡೂ ರೋಗಗಳಿವೆ, ಅಲ್ಲಿಯ ರೈತರೂ ಇವುಗಳಿಂದ ಬಳ್ಳಿ ಕಳೆದುಕೊಂಡವರೇ. ಬೇರೆ ದೇಶದ ತಳಿಯ ಹುಳು, ಶಿಲೀಂಧ್ರ ನಮ್ಮಲ್ಲಿರುವುದಕ್ಕಿಂತ ಭಿನ್ನವಾಗಿದ್ದರೆ ನಮ್ಮ ಬಳ್ಳಿಗೆ ಅದನ್ನು ತಾಳುವ ಶಕ್ತಿ ಇರದೆ ಹೋಗಬಹುದು.

ಕಾನೂನೂ ಇದೆ. ಹೊರಗಿನ ರೋಗ, ಕೀಟ ಒಳಬರದಂತೆ ತಡೆಯುವ 2003ರ ಸಸ್ಯ ಸಂಗರೋಧ ಆದೇಶದಂತೆ ನೆಡುವ ಬಳ್ಳಿ, ಗಿಡ, ಬೀಜವನ್ನು ತರಬೇಕಾದರೆ ಇಲ್ಲಿಂದ ಆಮದು ಪರವಾನಗಿ, ಅಲ್ಲಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮಣ್ಣನ್ನಂತೂ ತರುವ ಹಾಗೇ ಇಲ್ಲ. ಇದರ ಹಿಂದಿನ ಮೂಲ ಕಾಯ್ದೆ 1914ರದು, ಅಂದರೆ ಈ ಭಯ ಹೊಸದಲ್ಲ. ಹುರಿದ ಕಾಫಿ ಪುಡಿಯ ಮಾತು ಬೇರೆ, ಹುರಿದದ್ದು ಮೊಳೆಯುವುದಿಲ್ಲ.

ಶನಿವಾರಸಂತೆಯ ಕಡೆಯವರು ಆಫ್ರಿಕಾದ ದೊಡ್ಡ ಬಸವನಹುಳುವನ್ನು ಗೋಣಿಚೀಲಗಳಲ್ಲಿ ಹೆಕ್ಕಿ ಕೊಲ್ಲುವ ಪಾಡನ್ನು ಒಮ್ಮೆ ನೋಡಿ ಬನ್ನಿ. ಅದೂ ಹೀಗೆಯೇ ಎಲ್ಲಿಂದಲೋ ಬಂದದ್ದು.

ಒಳ್ಳೆಯ ಬಳ್ಳಿ ಬೇಕೆಂದರೆ ನಮ್ಮ ಬಾಗಿಲಲ್ಲೇ ಇದೆ. ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕಾಫಿಗೆ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರವಿದೆ.

ಸಿದ್ದಾಪುರ ತೋಟ

ತಂಗಿ, ಬೇರಿನ ಒಳಗೆ ಹುಳು ಇರುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಮಣ್ಣಿನಲ್ಲಿ ಮಾತ್ರ ಎಂದುಕೊಂಡಿದ್ದೆ. ನನ್ನ ಮಾತು ಹಿಂದಕ್ಕೆ ಪಡೆಯುತ್ತೇನೆ. ಆದರೆ ಇಳುವರಿಯ ಬಗ್ಗೆ ನಮ್ಮ ಬೆಳೆಗಾರರ ಹಸಿವನ್ನೂ ಯಾರಾದರೂ ಅರ್ಥ ಮಾಡಿಕೊಳ್ಳಬೇಕು. ಆ ಹಿರಿಯರು ಬಳ್ಳಿಯನ್ನು ಬೂಟಿನಲ್ಲಿ ಇಟ್ಟದ್ದು ದುರಾಸೆಯಿಂದಲ್ಲ.

ಗಲ್ಫ್‌ನಲ್ಲಿರುವ ವಿರಾಜಪೇಟೆಯವ

ವರ್ಷಕ್ಕೆ ಎರಡು ಸಲ ಬಂದು ಹೋಗುವವನಾಗಿ ನನ್ನದೂ ಎರಡು ಮಾತು.

ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಹಾಗಾಗಿ ವಿಮಾನ ಇಳಿದ ಮೇಲೂ ನಮ್ಮ ಪ್ರವಾಸ ಮುಗಿದಿರುವುದಿಲ್ಲ. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಗಲ್ಫ್‌ನ ನಮಗೆ ಅನುಕೂಲವಾಯಿತು, ಮಾಕುಟ್ಟ ಘಟ್ಟ ಹತ್ತಿದರೆ ಮನೆ. ಮಳೆಗಾಲದಲ್ಲಿ ಮಾತ್ರ ಘಟ್ಟದ ರಸ್ತೆಯ ಸ್ಥಿತಿ ಕೇಳಿಕೊಂಡೇ ಹೊರಡಬೇಕು. ಪೂರ್ವದ ದೇಶಗಳಿಂದ ಬರುವವರು ಬೆಂಗಳೂರಿಗೋ ಕೊಚ್ಚಿಗೋ ಇಳಿಯುತ್ತಾರೆ. ದೇವನಹಳ್ಳಿಯಿಂದ ಮಡಿಕೇರಿಗೆ ಆರೇಳು ಗಂಟೆಯ ದಾರಿ.

ಇಲ್ಲಿ ಯಾರೂ ಬರೆಯದ ವಿಷಯ ಇದೇ. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆಗೆಟ್ಟು, ನಸುಕಿನಲ್ಲಿ ಇಳಿದು, ನಿಲ್ಲಿಸಿ ಹೋಗಿದ್ದ ಸ್ವಂತ ಕಾರನ್ನು ಹತ್ತಿ ಊರಿಗೆ ಓಡಿಸುವವರು ನಮ್ಮಲ್ಲಿ ಬಹಳ ಮಂದಿ. ನನ್ನ ಚಿಕ್ಕಪ್ಪನ ಮಗ ಹಾಗೆ ಹೊರಟು, ಹುಣಸೂರು ದಾಟಿದ ಮೇಲೆ ಒಂದು ಕ್ಷಣ ಕಣ್ಣು ಮುಚ್ಚಿದ. ಕಾರು ರಸ್ತೆ ಬದಿಯ ಆಲದ ಮರಕ್ಕೆ ಹೋಯಿತು. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ಆನೆಚೌಕೂರು, ತಿತಿಮತಿ ಕಡೆಯಿಂದ ಹೋಗುವವರಿಗೆ ಆನೆಯ ಭಯ ಬೇರೆ. ದಯವಿಟ್ಟು ಒಬ್ಬ ಚಾಲಕನನ್ನು ಗೊತ್ತು ಮಾಡಿಕೊಳ್ಳಿ, ಇಲ್ಲವೇ ಮೈಸೂರಿನವರೆಗೆ ವಿಮಾನ ನಿಲ್ದಾಣದಿಂದ ಹೊರಡುವ ಫ್ಲೈಬಸ್‌ನಲ್ಲಿ ಮಲಗಿಕೊಂಡು ಬನ್ನಿ.

ತೂಕದ ತೊಂದರೆಗೆ: ನಮ್ಮ ತೋಟದಲ್ಲಿ ಚೀಲ ತೂಗುವ ಕೊಕ್ಕೆ ತಕ್ಕಡಿಯ ಚಿಕ್ಕ ರೂಪ ಅಂಗಡಿಗಳಲ್ಲಿ ಸಿಗುತ್ತದೆ, ಅಂಗೈಯಷ್ಟು. ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುತ್ತದೆ. ಪವರ್ ಬ್ಯಾಂಕನ್ನು ಎಂದೂ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಬೇಡಿ, ಕೈಚೀಲದಲ್ಲೇ ಇರಲಿ. ಕೊನೆಯ ಗಳಿಗೆಯಲ್ಲಿ ಕಟ್ಟಿದ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿಸುವ ಕಾರಣಗಳಲ್ಲಿ ಇದು ಮೊದಲನೆಯದು. ಕೈಚೀಲದಲ್ಲಿ ಯಾವ ದ್ರವವೂ 100 ಮಿಲಿಲೀಟರಿನ ಬಾಟಲಿ ಮೀರಬಾರದು. ಅಮ್ಮ ಕೊಟ್ಟ ಕಾಚಂಪುಳಿ (ನಮ್ಮ ಅಡುಗೆಯ ಹುಳಿರಸ) ಒಮ್ಮೆ ಹೀಗೆಯೇ ಬುಟ್ಟಿಗೆ ಹೋಯಿತು, ಆ ಬೇಸರ ಇನ್ನೂ ಇದೆ.

ಕುಶಾಲನಗರದಿಂದ

ನಮಸ್ಕಾರ. ನಾವು ಬರುವ ಗುರುವಾರ ವಿಯೆಟ್ನಾಂಗೇ ಹೊರಡುತ್ತಿದ್ದೇವೆ, ಇಬ್ಬರು ಮಕ್ಕಳು, ಅತ್ತೆ, ನಾವಿಬ್ಬರು. ಮೊದಲ ವಿದೇಶ ಪ್ರವಾಸ. ಇದನ್ನೆಲ್ಲ ಓದಿ ಟಿಕೆಟ್ ತೆಗೆದು ನೋಡಿದೆ. ಹಿಂದಿರುಗುವ ವಿಮಾನ 23:50ಕ್ಕೆ, ಅಷ್ಟರಮಟ್ಟಿಗೆ ಸಮಾಧಾನ. ಆದರೆ ಅತ್ತೆಯವರ ಪಾಸ್‌ಪೋರ್ಟಿನಲ್ಲಿ ಮನೆಹೆಸರು ಪೂರ್ತಿ ಇದೆ, ವೀಸಾದಲ್ಲಿ ಬರೀ ಇನಿಷಿಯಲ್ ಬಂದಿದೆ. ಇದರಿಂದ ತೊಂದರೆಯಾಗುತ್ತದೆಯೇ? ಹೋಟೆಲಿನವರು ಪಾಸ್‌ಪೋರ್ಟ್ ಕೇಳಿದರೆ ಕೊಡುವುದಿಲ್ಲ ಎನ್ನಬಹುದೇ? ಉಳಿದ ಡಾಂಗ್ ಏನು ಮಾಡುವುದು?

ನಾಪೋಕ್ಲು ಬೆಳೆಗಾರ್ತಿ

ತಂಗಿ, ಮೊದಲು ವೀಸಾ. ಗುರುವಾರದವರೆಗೆ ಕಾಯದೆ ಇಂದೇ ಸರಿಪಡಿಸಲು ನೋಡಿ. ವೀಸಾದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕು. ನಮ್ಮ ಕಡೆ ಮನೆಹೆಸರು ಮುಂದೆ, ಸ್ವಂತ ಹೆಸರು ಹಿಂದೆ, ಕೆಲವರಿಗೆ ಮಧ್ಯೆ ಗಂಡನ ಹೆಸರು. ಅರ್ಜಿ ತುಂಬಿಕೊಡುವವರು ಇದನ್ನು ತಮಗೆ ತೋಚಿದಂತೆ ಹಾಕಿಬಿಡುತ್ತಾರೆ. ಹೊಸ ಅರ್ಜಿಗೆ ಕೆಲವು ದಿನ ಹಿಡಿಯುತ್ತದೆ, ತುರ್ತು ಎಂದು ವಿಚಾರಿಸಿ. ಅಲ್ಲಿ ಇಳಿದು ಅತ್ತೆಯವರನ್ನು ಪಕ್ಕಕ್ಕೆ ನಿಲ್ಲಿಸಿದರೆ ಆ ವಯಸ್ಸಿನಲ್ಲಿ ತಡೆದುಕೊಳ್ಳುವುದು ಕಷ್ಟ.

ಪಾಸ್‌ಪೋರ್ಟ್ ತೋರಿಸಲೇಬೇಕು, ನೋಂದಣಿ ಅವರ ಕರ್ತವ್ಯ. ಆದರೆ ಬರೆದುಕೊಂಡ ಮೇಲೆ ಅಲ್ಲೇ ನಿಂತು ವಾಪಸು ಕೇಳಿ. ನಗುತ್ತಲೇ ಕೇಳಿ, ಕೊಡುತ್ತಾರೆ.

ಡಾಂಗ್ ಬಗ್ಗೆ: ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರುತ್ತದೆ, ಹಾಗಾಗಿ ಲಕ್ಷಗಳ ಲೆಕ್ಕದಲ್ಲಿ ತಲೆ ತಿರುಗುತ್ತದೆ. 20,000ದ ನೋಟೂ 500,000ದ ನೋಟೂ ಎರಡೂ ನೀಲಿ. ನಮ್ಮ ಅಕ್ಕ ಕಬ್ಬಿನ ಹಾಲು ಕುಡಿದು ಚಿಕ್ಕದರ ಬದಲು ದೊಡ್ಡದನ್ನು ಕೊಟ್ಟು ನಡೆದುಬಿಟ್ಟಿದ್ದರು. ಗಾಡಿಯ ಹೆಂಗಸು ರಸ್ತೆ ದಾಟಿಕೊಂಡು ಓಡಿ ಬಂದು ನೋಟನ್ನು ಅಕ್ಕನ ಕೈಗಿಟ್ಟು, ಬೆರಳಿನಿಂದ ಸೊನ್ನೆಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದಳು. ಇಬ್ಬರಿಗೂ ಭಾಷೆ ಬಾರದು. ಅಕ್ಕ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನೀವು ದೊಡ್ಡ ನೋಟುಗಳನ್ನು ಬೇರೆ ಪರ್ಸಿನಲ್ಲಿ ಇಡಿ. ಉಳಿದದ್ದನ್ನು ಸಾಮಾನು ಒಪ್ಪಿಸಿ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಮೇಲೆ ಮಾತ್ರ ಬದಲಿಸಿ ಅಥವಾ ಖರ್ಚು ಮಾಡಿ, ಅದಕ್ಕೆ ಮೊದಲು ಬೇಡ. ಊರಿಗೆ ತಂದರೆ ನಮ್ಮ ಪೇಟೆಗಳಲ್ಲಿ ಅದನ್ನು ತೆಗೆದುಕೊಳ್ಳುವವರಿಲ್ಲ. ಕಾರ್ಡಿನ ವಿದೇಶಿ ವಹಿವಾಟನ್ನು ಇಂದೇ ತೆರೆದಿಡಿ.

ಗಲ್ಫ್‌ನ ತಮ್ಮನಿಗೆ: ನೀವು ಬರೆದದ್ದು ಸತ್ಯ. ನಾವು ನಾಲ್ಕು ಗಂಟೆಯ ಸುಮಾರಿಗೆ ಬೆಂಗಳೂರಿಗೆ ಇಳಿದೆವು. ಯಜಮಾನರು ತಾವೇ ಓಡಿಸುತ್ತೇನೆಂದು ಹಟ ಹಿಡಿದರು. ಮೈಸೂರಿನಲ್ಲಿ ಅಕ್ಕನ ತಂಗಿಯ ಮನೆಯಿದೆ, ಅಲ್ಲಿಗೆ ಹೋಗುವಾಗಲೇ ಎರಡು ಸಲ ಕಾರು ಪಕ್ಕಕ್ಕೆ ಎಳೆಯಿತು. ಅಲ್ಲಿ ಮಧ್ಯಾಹ್ನದವರೆಗೆ ಮಲಗಿ ಎದ್ದು ಬಂದೆವು. ಅದನ್ನು ಮೊದಲೇ ಬರೆಯಬೇಕಿತ್ತು.

ಇನ್ನೊಂದು ವಿಷಯ. ಇಲ್ಲಿ ಬಂದ ಪ್ರತಿಕ್ರಿಯೆಗಳನ್ನೆಲ್ಲ ಭಾವ ನನ್ನಿಂದ ಓದಿಸಿಕೊಂಡು ಕೇಳಿದರು. ಬೇರಿನ ಒಳಗಿನ ಹುಳುವಿನ ಭಾಗವನ್ನು ಇನ್ನೊಮ್ಮೆ ಓದು ಎಂದರು. ಮರುದಿನ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಜೀಪು ತೆಗೆದುಕೊಂಡು ಅಪ್ಪಂಗಳಕ್ಕೆ ಹೋದರು. ಮಳೆ ಹಿಡಿದ ಮೇಲೆ ನೆಡಲು ಬೇರು ಬಿಟ್ಟ ಬಳ್ಳಿಗೆ ಹೆಸರು ಬರೆಸಿ ಬಂದಿದ್ದಾರೆ. ಸಿದ್ದಾಪುರದ ಅಣ್ಣ, ನಿಮಗೂ ಬೇಕಿದ್ದರೆ ಒಂದೇ ಗಾಡಿಯಲ್ಲಿ ತರಬಹುದು, ಕೇಳು ಎಂದಿದ್ದಾರೆ.

ಸಿದ್ದಾಪುರ ತೋಟ

ನನಗೆ ಐವತ್ತು ಬಳ್ಳಿ ಬೇಕು ಅಕ್ಕ. ಭಾವನವರ ನಂಬರನ್ನು ಖಾಸಗಿಯಾಗಿ ಕಳುಹಿಸಿ, ಶನಿವಾರ ನಾನೇ ಮಾತನಾಡುತ್ತೇನೆ. ಅಲ್ಲಿ ಕಂಬಕ್ಕೆ ಬಳ್ಳಿ ಹಬ್ಬಿಸುವುದನ್ನು ಅವರು ಹೇಗೆ ಕಂಡರು ಎಂಬುದನ್ನೂ ಕೇಳಬೇಕು.